ಅಲಸಂಡೆ ಸಾಲಿಗೆ ಬಂಗಡೆ ಬಲೆ

ಬಲೆ ಕಟ್ಟುವವನ ಬದುಕಿನಲ್ಲಿ ನಗೆಗೆ ಬರ ಬರುವುದಿಲ್ಲ. ಕಡಲಿನಲ್ಲಿ ನಮ್ಮ ಬಲೆ ತಪ್ಪಿದರೆ ಅದು ನಮಗೂ ಮೀನಿಗೂ ಮಾತ್ರ ಗೊತ್ತು. ತರಕಾರಿ ತೋಟದಲ್ಲಿ ತಪ್ಪಿದರೆ ಬೇಲಿಯ ಆಚೆ ನಾಲ್ಕು ಜನ ನಿಂತಿರುತ್ತಾರೆ, ಅವರಲ್ಲಿ ಒಬ್ಬರ ಕೈಯಲ್ಲಾದರೂ ಮೊಬೈಲ್ ಇರುತ್ತದೆ.

ನಾನು ನಾವುಂದದವನು. ದೋಣಿಯಲ್ಲೇ ಬೆಳೆದವನು. ಸೊಂಟ ಕೈಕೊಟ್ಟ ಮೇಲೆ ದಡದಲ್ಲಿ ಕೂತು ಹರಿದ ಬಲೆ ಹೊಲಿಯುತ್ತಿದ್ದೆ. ಅಷ್ಟರಲ್ಲಿ ನಮ್ಮ ಕಡೆಯ ರೈತರಿಗೆ ಹೊಸ ಹುಚ್ಚೊಂದು ಹತ್ತಿತು. ತರಕಾರಿಗೆ ಮದ್ದು ಹೊಡೆಯುವುದು ಬೇಡ, ಚಿಟ್ಟೆ ಬಂದು ಮೊಟ್ಟೆ ಇಡದ ಹಾಗೆ ಗಿಡಕ್ಕೆ ಬಲೆ ಹೊದೆಸಿದರೆ ಸಾಕು ಎಂದು ಎಲ್ಲರೂ ಮೊಬೈಲಿನಲ್ಲಿ ನೋಡಿದರು. ನೋಡಿದವರೆಲ್ಲ ಬಲೆ ತಂದರು. ತಂದ ಮೇಲೆ ತಿಳಿಯಿತು, ಬಲೆ ಹೊಲಿಯಲು ಯಾರಿಗೂ ಬರುವುದಿಲ್ಲ ಎಂದು. ಹೀಗೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ನನಗೆ ಕರೆ ಬರತೊಡಗಿತು. ಈಗ ನನ್ನ ಹೆಸರೇ 'ಚಿಟ್ಟೆ ಬಲೆಯವರು'. ನನ್ನ ಹೆಂಡತಿ ಮಾತ್ರ ಅಕ್ಕಪಕ್ಕದವರ ಹತ್ತಿರ ಬೇರೆ ರೀತಿ ಹೇಳುತ್ತಾಳೆ: "ಎಂತ ಹೇಳುದ್, ಇಷ್ಟ್ ಪ್ರಾಯ ಆಯ್ಕಂಡ್ ನಮ್ಮನಿಯವ್ರ್ ಚಿಟ್ಟಿ ಹಿಡುಕ್ ಹೊರ್ಟಿರ್."

ಈ ಕೆಲಸದ ಪಾಠವನ್ನೆಲ್ಲ ನಾನು ಕಲಿತದ್ದು ಮೊತ್ತಮೊದಲು ಬಲೆ ಕಟ್ಟಿದ ಕೊಕ್ಕರ್ಣೆಯ ಒಂದೇ ತೋಟದಲ್ಲಿ. ಆ ತೋಟದ ಕತೆಯನ್ನೇ ಹೇಳುತ್ತೇನೆ.

ಎಲೆಯ ಅಂಚಿಗೆ ಬಂದ ಅತಿಥಿ

ನನ್ನ ಭಾವಮೈದ ತಲ್ಲೂರಿನವನು. ಟೆಂಪೊ ರಿಕ್ಷಾದಲ್ಲಿ ಮೀನು ಹಾಕಿಕೊಂಡು ಕೊಕ್ಕರ್ಣೆಯವರೆಗೂ ಹೋಗಿ ಮಾರುತ್ತಾನೆ. ಅವನ ರಿಕ್ಷಾದಲ್ಲಿ ಮೀನು ಮುಗಿಯುವುದುಂಟು, ಮಾತು ಮುಗಿಯುವುದಿಲ್ಲ. ಕೊಕ್ಕರ್ಣೆಯಲ್ಲಿ ಅವನಿಂದ ಮೀನು ಕೊಳ್ಳುವ ಒಬ್ಬ ಅಕ್ಕ ಇದ್ದಾರೆ. ಗಂಡ ಹೆಂಡತಿ ಇಬ್ಬರೂ ತರಕಾರಿ ಬೆಳೆಯುವವರು. ಒಬ್ಬಳೇ ಮಗಳು, ಬೈಂದೂರಿಗೆ ಕೊಟ್ಟಿದ್ದಾರೆ.

ಮದುವೆಯಾದ ಹೊಸತರಲ್ಲಿ ಮಗಳ ಅತ್ತೆ ಈ ಮನೆಗೆ ಮೊದಲ ಸಲ ಊಟಕ್ಕೆ ಬಂದರು. ಬೀಗಿತಿ ಬರುತ್ತಾರೆಂದು ಅಕ್ಕ ತಮ್ಮ ಹಿತ್ತಿಲಿನ ಅಲಸಂಡೆಯನ್ನೇ ಕೊಯ್ದು, ತೆಂಗಿನಕಾಯಿ ಹಾಕಿ ಪಲ್ಯ ಮಾಡಿ ಬಡಿಸಿದರು. ಬೀಗಿತಿಯ ಎಲೆಯ ಮೇಲಿನ ಪಲ್ಯದಲ್ಲಿ ಒಂದು ಹುಳ ಇತ್ತು. ಬೆಂದ ಹುಳವೇ, ಆದರೂ ಹುಳ ಹುಳವೇ.

ಬೀಗಿತಿ ಕೂಗಲಿಲ್ಲ, ಮುಖ ಸಿಂಡರಿಸಲಿಲ್ಲ. ಎರಡು ಬೆರಳಲ್ಲಿ ಹುಳವನ್ನು ಎತ್ತಿ ಎಲೆಯ ಅಂಚಿಗೆ ಇಟ್ಟರು. ಅದರ ಮೇಲೆ ಒಗ್ಗರಣೆಯ ಕರಿಬೇವಿನ ಎಲೆಯೊಂದನ್ನು ಹೊದೆಸಿದರು. ಅಕ್ಕ ನಾಚಿಕೆಯಿಂದ ನೆಲಕ್ಕೆ ಇಳಿದು ಹೋದರು. ಬೀಗಿತಿ ಸಮಾಧಾನದ ದನಿಯಲ್ಲಿ ಹೇಳಿದರು: "ಇರ್ಲಿ ಬಿಡಿ. ಅದೂ ಉಂಬುಕೆ ಬಂದದ್ದೇ ಅಲ್ದಾ."

ಬಂಗಡೆ ಕಣ್ಣು

ಆ ಒಂದು ಮಾತು ಬೈಂದೂರಿನಿಂದ ಬ್ರಹ್ಮಾವರದವರೆಗೆ ಇದ್ದ ನೆಂಟರ ಮನೆಗಳನ್ನೆಲ್ಲ ಸುತ್ತಿ ಬಂತು. ಯಾವ ಮದುವೆಗೆ ಹೋದರೂ ಅಕ್ಕನನ್ನು ಕಂಡವರು ಮೊದಲು ಅಲಸಂಡೆಯನ್ನು ವಿಚಾರಿಸಿಕೊಂಡು, ಆಮೇಲೆ ಆರೋಗ್ಯವನ್ನು ವಿಚಾರಿಸಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಮಗಳು ಬಸುರಿಯಾದಳು. ನಮ್ಮ ಕಡೆ ಬಸುರಿಗೆ ತವರಿನಲ್ಲಿ ಬಯಕೆ ಊಟ ಹಾಕುತ್ತಾರೆ. ಹಸಿರು ಬಳೆ ತೊಡಿಸಿ, ಹೂ ಮುಡಿಸಿ, ಅವಳು ಆಸೆಪಟ್ಟದ್ದನ್ನು ಹೊಟ್ಟೆ ತುಂಬ ಉಣ್ಣಿಸುವುದು. ಗಂಡನ ಮನೆಯವರೂ ಬಂದು ಕೂರುತ್ತಾರೆ. ಮಗಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಅಬ್ಬೇ, ನಂಗೆ ನಮ್ ಹಿತ್ಲ್ ಅಲಸಂಡಿ ಪಲ್ಯವೇ ಬೇಕ್."

ಅಕ್ಕನಿಗೆ ಇಕ್ಕಟ್ಟಾಯಿತು. ಮಗಳು ಬಾಯಿ ಬಿಟ್ಟು ಕೇಳಿದ ಪಲ್ಯ ಮಾಡದೆ ಇರುವ ಹಾಗಿಲ್ಲ. ಅದೇ ಪಲ್ಯದಲ್ಲಿ, ಅದೇ ಬೀಗಿತಿಗೆ, ಇನ್ನೊಂದು ಹುಳ ಸಿಕ್ಕಿದರೆ ಮತ್ತೆ ಊರಲ್ಲಿ ಮುಖ ತೋರಿಸುವ ಹಾಗಿಲ್ಲ. ಮಗಳಿಗೋಸ್ಕರ ಬೆಳೆಯುವುದಾದ್ದರಿಂದ ಮದ್ದು ಹೊಡೆಯುವ ಮಾತೂ ಇಲ್ಲ. ಈ ಸಂಕಟವನ್ನು ಅವರು ಮೀನು ಕೊಳ್ಳುತ್ತ ನನ್ನ ಭಾವಮೈದನ ಹತ್ತಿರ ಹೇಳಿಕೊಂಡರು. ಅವನು ತಕ್ಕಡಿ ಕೆಳಗಿಟ್ಟು ಘೋಷಿಸಿದ: "ನಮ್ ಭಾವ ಇದ್ರ್ ಅಕ್ಕಾ. ಅವ್ರ್ ಬಲೆ ಕಟ್ಟಿರೆ ಗಾಳಿ ಸಹ ಕೇಂಡ್ಕಂಡ್ ಒಳ್ಗ್ ಹೋಯ್ಕ್!"

ಮರುದಿನವೇ ನನ್ನನ್ನು ರಿಕ್ಷಾದಲ್ಲಿ ಮೀನಿನ ಪೆಟ್ಟಿಗೆಗಳ ನಡುವೆ ಕೂರಿಸಿಕೊಂಡು ಹೋದ.

ನಮ್ಮ ಕಸುಬಿನಲ್ಲಿ ಮೊದಲು ಕೇಳುವುದು, ಯಾವ ಮೀನು ಎಂದು. ಮೀನಿನ ಗಾತ್ರದ ಮೇಲೆ ಬಲೆಯ ಕಣ್ಣು. ಬೈಗೆಯಂಥ ಸಣ್ಣ ಮೀನಿಗೆ ಒಂದು ಕಣ್ಣು, ಬಂಗಡೆಗೆ ಒಂದು ಕಣ್ಣು. ಅದೇ ಲೆಕ್ಕದಲ್ಲಿ ನಾನು ಅಕ್ಕನನ್ನು ಕೇಳಿದೆ: "ಚಿಟ್ಟಿ ಎಷ್ಟ್ ದೊಡ್ಡದ್ ಅಕ್ಕ?" ಅವರು ಅಂಗೈ ಅಗಲಿಸಿ ತೋರಿಸಿದರು. ಇಷ್ಟು ದೊಡ್ಡದಕ್ಕೆ ಅಂಗಡಿಯ ಬಲೆ ಯಾಕೆ ಎಂದು ನಾನು ಮನೆಯಲ್ಲಿದ್ದ ಹಳೆಯ ಬಂಗಡೆ ಬಲೆಯನ್ನೇ ತಂದು ಅಲಸಂಡೆ ಸಾಲಿಗೆ ಕಟ್ಟಿದೆ. ಕಟ್ಟಿ ಮುಗಿಸಿ ಎಲ್ಲರೂ ನೋಡುತ್ತ ನಿಂತೆವು. ಕಪ್ಪು ರೆಕ್ಕೆಯ ದೊಡ್ಡ ಚಿಟ್ಟೆಯೊಂದು ಬಂತು, ಬಲೆಗೆ ತಾಗಿತು, ತಿರುಗಿ ಹೋಯಿತು. ಭಾವಮೈದ ಚಪ್ಪಾಳೆ ಹೊಡೆದ.

ಅದರ ಹಿಂದೆಯೇ ಉಗುರಿನಷ್ಟು ಸಣ್ಣ ನೀಲಿ ಚಿಟ್ಟೆಯೊಂದು ಬಂತು. ಅದು ಅವಸರ ಮಾಡಲಿಲ್ಲ. ಬಲೆಯ ದಾರದ ಮೇಲೆ ಕೂತಿತು, ರೆಕ್ಕೆ ಮಡಚಿತು, ನಡೆದುಕೊಂಡೇ ಒಳಗೆ ಹೋಯಿತು.

"ಇದೇ ಅಲಸಂಡಿ ಹೂವಿಗ್ ಮೊಟ್ಟಿ ಇಡು ಚಿಟ್ಟಿ," ಎಂದರು ಅಕ್ಕ. "ಆ ಕಪ್ಪಿಂದ್ ಲಿಂಬಿ ಗಿಡಕ್ ಬಪ್ಪುದ್."

"ಹಾಂಗಾರೆ ನೀವ್ ಅಷ್ಟ್ ದೊಡ್ಡದ್ ತೋರ್ಸದ್ದ್ ಎಂತಕ್?"

"ನೀವ್ ಚಿಟ್ಟಿ ಎಷ್ಟ್ ದೊಡ್ಡದ್ ಅಂತ ಕೇಂಡ್ರಿ. ಯಾವ್ ಚಿಟ್ಟಿ ಅಂತ ಕೇಣ್ಲಿಲ್ಲ."

ಕಸುಬಿನ ಮಾನ ಉಳಿಸಿಕೊಳ್ಳಬೇಕಲ್ಲ. ನಾನು ಗಂಟಲು ಸರಿಮಾಡಿಕೊಂಡು, "ಬಲೆ ಹಾಳಲ್ಲ ಅಕ್ಕ. ಬಂಗಡಿ ಬಂದಿದ್ರೆ ಒಂದೂ ಒಳ್ಗ್ ಹೋತಿರ್ಲಿಲ್ಲ" ಎಂದೆ.

ಅಕ್ಕನ ಗಂಡ ಮಾತು ಕಡಿಮೆಯ ಮನುಷ್ಯ. ಅಂಥವರೂ ಬಾಯಿ ತೆರೆದರು: "ಬಂಗಡಿ ಬಪ್ಪುದಾರೆ ಅಲಸಂಡಿ ಯಾರಿಗ್ ಬೇಕಿತ್ತ್ ಮಾರಾಯ್ರೆ?"

ಇಲ್ಲಿಗೆ ಕಡಲು ಬರುತ್ತದಾ?

ಎರಡನೆಯ ಸಲ ಕುಂದಾಪುರದ ಅಂಗಡಿಯಿಂದ ಸಣ್ಣ ಕಣ್ಣಿನ ಬಿಳಿ ಬಲೆಯನ್ನೇ ತರಿಸಿದೆವು. ಸೊಳ್ಳೆ ಪರದೆಯ ಹಾಗಿರುವ ಬಲೆ. ಬಿದಿರು ಬಗ್ಗಿಸಿ ಕಮಾನು ಮಾಡಿ ಹೊದೆಸುವುದೆಂದು ತೀರ್ಮಾನವಾಯಿತು. ಬಲೆ ಹೊಲಿದು ತರುವ ಕೆಲಸ ನನ್ನದು.

ಮನೆಯ ಜಗಲಿಯಲ್ಲಿ ಕೂತು ಹೊಲಿದೆ. ಪಕ್ಕದವರೊಂದಿಗೆ ಮಾತಾಡುತ್ತ ಹೊಲಿದೆ. ಈ ಕೆಲಸಕ್ಕೆ ನನ್ನ ಕೈಗೆ ನನ್ನ ತಲೆಯ ಸಹಾಯ ಬೇಡ. ಅದೇ ತಪ್ಪಾದದ್ದು. ಕೊಕ್ಕರ್ಣೆಗೆ ಕೊಂಡುಹೋಗಿ ಬಿಡಿಸಿದಾಗ ನೋಡುತ್ತೇನೆ, ಬಲೆಯ ಕೆಳ ಅಂಚಿಗೆ ಸಾಲಾಗಿ ಸೀಸದ ಗುಂಡುಗಳು, ಮೇಲಿನ ಅಂಚಿಗೆ ಸಾಲಾಗಿ ಬೆಂಡುಗಳು! ನೀರಿನಲ್ಲಿ ಬಲೆ ನೆಟ್ಟಗೆ ನಿಲ್ಲಬೇಕೆಂದು ಕೆಳಗೆ ಭಾರ, ಮೇಲೆ ತೇಲುವ ಬೆಂಡು ಕಟ್ಟುವುದು ನಮ್ಮ ರೂಢಿ. ಅಪ್ಪನ ಕಾಲದ ರೂಢಿ ಅಲಸಂಡೆಗೂ ಬಂದಿತ್ತು.

ಪಕ್ಕದ ಹಿತ್ತಿಲಿನಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರೂ ಅಲಸಂಡೆ ಬೆಳೆಯುತ್ತಾರೆ, ಬಲೆಯ ಗೊಡವೆಗೆ ಹೋದವರಲ್ಲ. ಬೇಲಿಯ ಮೇಲಿಂದ ಕುತ್ತಿಗೆ ಚಾಚಿ ಕೇಳಿದರು: "ಹ್ವಾಯ್, ಇಲ್ಲಿವರಿಗೂ ಕಡ್ಲ್ ಬತ್ತಂಬ್ರಾ? ನಂಗ್ ಯಾರೂ ಹೇಳ್ಲೇ ಇಲ್ಲ!"

ನಾನು ಕತ್ತರಿ ಕೇಳಿದೆ. ಅಕ್ಕನ ಗಂಡ ತಡೆದರು. ಕೆಳಗಿನ ಸೀಸದ ಗುಂಡು ಒಳ್ಳೆಯದೇ ಆಯಿತು, ಗಾಳಿಗೆ ಬಲೆಯ ಅಂಚು ಏಳುವುದಿಲ್ಲ, ಇರಲಿ ಎಂದರು. ಮೇಲಿನ ಬೆಂಡು ತೆಗೆಯುವುದಕ್ಕೂ ಒಪ್ಪಲಿಲ್ಲ.

"ಅದೂ ಇರ್ಲಿ. ಮಳಿಗಾಲ್ದಲ್ಲ್ ತೋಟ ಕೊಚ್ಕಂಡ್ ಹೋರೆ, ಎಲ್ಲಿತ್ತಂತ ಕಾಂಬುಕಾತ್ತ್."

ಒಳಗೇ ಉಳಿದವರು

ಬಲೆ ಹೊದೆಸಿ ಬಂದೆ. ಈ ಸಲ ಕೆಲಸ ಚೊಕ್ಕ. ಇರುವೆಗೂ ದಾರಿ ಇಲ್ಲ ಎಂಬ ಹಾಗೆ ಸುತ್ತಲೂ ಮಣ್ಣು ಒತ್ತಿದ್ದೆ. ಕೆಲವು ದಿನ ಕಳೆದ ಮೇಲೆ ಬೆಳಿಗ್ಗೆ ಅಕ್ಕನ ಫೋನು.

"ಹ್ವಾಯ್, ನಿಮ್ ಬಲೆ ಲಾಯ್ಕಿತ್ತ್."

"ಹೌದಾ ಅಕ್ಕ? ನಾನ್ ಹೇಳ್ಲಿಲ್ಯಾ?"

"ಭಾರೀ ಗಟ್ಟಿಯಿತ್ತ್. ಒಂದ್ ಚಿಟ್ಟಿಯೂ ಹೊರ್ಗ್ ಹೋತಿಲ್ಲ."

ಹೋಗಿ ನೋಡಿದೆ. ಬಲೆಯೊಳಗೆ ನೀಲಿ ಚಿಟ್ಟೆಗಳ ಸಂತೆ. ವಿಷಯ ಇಷ್ಟೇ: ನಾವು ಬಲೆ ಹಾಕುವ ಮೊದಲೇ ಗಿಡದಲ್ಲಿ ಮೊಟ್ಟೆ ಇತ್ತು, ಹುಳ ಇತ್ತು, ಮಣ್ಣಿನಲ್ಲಿ ಗೂಡು ಕಟ್ಟಿಕೊಂಡು ಮಲಗಿದ್ದವೂ ಇದ್ದವು. ಅವೆಲ್ಲ ಚಿಟ್ಟೆಯಾಗಿ ಎದ್ದವು. ಎದ್ದು ನೋಡಿದರೆ ಹೊರಗೆ ಹೋಗಲು ದಾರಿ ಇಲ್ಲ, ಒಳಗೆ ಬೇಕಾದಷ್ಟು ಅಲಸಂಡೆ ಹೂ, ಹಕ್ಕಿಗಳ ಕಾಟವೂ ಇಲ್ಲ. ಮಾವನ ಮನೆಯಲ್ಲಿ ಉಳಿದ ಹೊಸ ಅಳಿಯಂದಿರಷ್ಟು ಸುಖವಾಗಿದ್ದವು.

ನನಗೆ ಇದು ಹೊಳೆಯಬೇಕಿತ್ತು. ಆದರೆ ನನ್ನ ಕಸುಬಿನಲ್ಲಿ ಬಲೆಯ ಒಳಗೆ ತುಂಬ ಸಿಕ್ಕರೆ ಅದು ಹಬ್ಬ. ಬಲೆ ಖಾಲಿ ಇರಬೇಕು ಎಂಬ ಕೆಲಸವನ್ನು ನಾನು ಹುಟ್ಟಿದಂದಿನಿಂದ ಮಾಡಿದವನಲ್ಲ.

ಅಕ್ಕ ಅಂದು ನಗಲಿಲ್ಲ. ಗಿಡವನ್ನೆಲ್ಲ ಕಿತ್ತು, ಮಣ್ಣು ಮಗುಚಿ ಬಿಸಿಲಿಗೆ ಬಿಟ್ಟು, ಮತ್ತೆ ಬೀಜ ಹಾಕಬೇಕು. ಬಯಕೆಯ ದಿನ ಗೊತ್ತಾಗಿತ್ತು. ಈ ಬೆಳೆ ತಪ್ಪಿದರೆ ಇನ್ನೊಂದು ಬೆಳೆಗೆ ಹೊತ್ತಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಗಿಡ ಕೀಳುತ್ತಿದ್ದರು. ಪಂಚೆ ಎತ್ತಿ ಕಟ್ಟಿ ನಾನೂ ಕೀಳಲು ಕೂತೆ. ಭಾವಮೈದನೂ ರಿಕ್ಷಾ ಬದಿಗೆ ನಿಲ್ಲಿಸಿ ಮಣ್ಣು ಮಗುಚಲು ಬಂದ.

ಬೀಜ ಹಾಕಿದ ದಿನವೇ ಬಲೆ ಹೊದೆಸಿದೆವು. ಮಣ್ಣಿನ ಮೇಲೆ ಬರೀ ಬಲೆ. ಪಕ್ಕದ ಅಜ್ಜಿ ಮತ್ತೆ ಬೇಲಿಗೆ ಬಂದರು. ಬಹಳ ಹೊತ್ತು ನೋಡಿ ಹೇಳಿದರು: "ಇನ್ನೂ ಹುಟ್ಟದ್ ಪಿಳ್ಳಿಗ್ ಈಗ್ಳೇ ಸೊಳ್ಳಿ ಪರ್ದಿಯಾ?"

ದೊಡ್ಡ ಹುಳ

ಬಳ್ಳಿ ಏರಿದಂತೆ ಕಮಾನನ್ನೂ ಏರಿಸಿದ್ದರಿಂದ ಬಲೆ ಈಗ ಆಳೆತ್ತರದ ಮನೆಯ ಹಾಗಿತ್ತು. ಒಳಗೆ ಹೋಗಿ ಕಳೆ ಕೀಳಲು, ನೀರು ಬಿಡಲು ಬಾಗಿಲು ಬೇಕು. ಅಕ್ಕ ಹಳೆಯ ಪ್ರಯಾಣದ ಬ್ಯಾಗಿನ ಉದ್ದನೆಯ ಜಿಪ್ ಬಿಚ್ಚಿ ಕೊಟ್ಟರು. ನಾನು ಅದನ್ನೇ ಬಲೆಗೆ ಹೊಲಿದೆ. ನೋಡಲು ಬಹಳ ಚಂದ. ಒಳಗೆ ಹೋದ ಕೂಡಲೇ ಜಿಪ್ ಎಳೆದುಕೊಳ್ಳಬೇಕು, ಒಂದು ಚಿಟ್ಟೆಯೂ ಹಿಂದೆ ಬರಬಾರದು ಎಂಬುದು ಅಕ್ಕನ ಕಟ್ಟಾಜ್ಞೆ.

ಒಂದು ಬೆಳಿಗ್ಗೆ ಅಕ್ಕನ ಗಂಡ ಒಳಗೆ ಹೋಗಿ ಜಿಪ್ ಎಳೆದುಕೊಂಡರು. ಜಿಪ್ ಅಲ್ಲೇ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಅಕ್ಕ ಬ್ರಹ್ಮಾವರಕ್ಕೆ ಹೋಗಿದ್ದರು. ಬಲೆ ಹರಿದೋ, ಮಣ್ಣು ಒತ್ತಿದ ಅಂಚು ಎತ್ತಿಯೋ ಹೊರಗೆ ಬರಬಹುದಿತ್ತು. ಆದರೆ ಬಲೆ ಕೆಡಿಸಿದ್ದು ಹೆಂಡತಿಗೆ ಗೊತ್ತಾದರೆ ಏನಾಗುತ್ತದೆಂದು ಆ ಮನುಷ್ಯನಿಗೆ ಗೊತ್ತಿತ್ತು. ಹಾಗಾಗಿ ಒಳಗೇ ಉಳಿದರು. ಕಳೆ ಕಿತ್ತರು. ಕಳೆ ಮುಗಿಯಿತು. ಮಣ್ಣು ಏರಿಸಿದರು. ಅದೂ ಮುಗಿಯಿತು. ಕೊನೆಗೆ ನಡುವೆ ಕುಕ್ಕರಗಾಲಿನಲ್ಲಿ ಕೂತರು. ದನ ಬಂದು ಬಲೆಯ ಹೊರಗೆ ನಿಂತು ಅವರನ್ನೇ ನೋಡಿತು. ದಾರಿಯಲ್ಲಿ ಹೋಗುವವರು ಮಾತಾಡಿಸಿದಾಗ, ಬಹಳ ಕೆಲಸವಿದೆ ಎಂಬಂತೆ ಒಂದು ಎಲೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರಂತೆ.

ಮೀನು ಮಾರುತ್ತ ಬಂದ ನನ್ನ ಭಾವಮೈದನಿಗೆ ಈ ದೃಶ್ಯ ಸಿಕ್ಕಿತು. ಅವನು ಜಿಪ್ಪಿಗೆ ತೆಂಗಿನೆಣ್ಣೆ ಹಚ್ಚಿ ಬಿಡಿಸುವ ಹೊತ್ತಿಗೆ ಪಕ್ಕದ ಅಜ್ಜಿ ಬೇಲಿಯ ಹತ್ತಿರ ಹಾಜರು. ಒಳಗೆ ಕೂತವರನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಅಯ್ಯಬ್ಯಾ," ಎಂದರು. "ಇಷ್ಟ್ ಸಣ್ ಕಣ್ಣಿನ್ ಬಲೆಯಂಗೆ ಅಷ್ಟ್ ದೊಡ್ ಹುಳು ಹ್ಯಾಂಗ್ ಒಳ್ಗ್ ಹೋಯ್ತ್?"

ದಲ್ಲಾಳಿ

ಬಲೆಯೊಳಗೆ ಒಂದು ಮೂಲೆ ಖಾಲಿ ಇತ್ತು. ಬಯಕೆ ಊಟದ ಕೋಸಂಬರಿಗಾಯಿತು ಎಂದು ಅಕ್ಕ ಅಲ್ಲಿ ಮುಳ್ಳುಸೌತೆ ಹಾಕಿದರು. ಬಳ್ಳಿ ಜೋರಾಗಿ ಬಂತು, ಹಳದಿ ಹೂ ಕಿಕ್ಕಿರಿದು ಬಂತು, ಕಾಯಿ ಮಾತ್ರ ಇಲ್ಲ. ಬೆರಳಿನಷ್ಟಾಗುವ ಮೊದಲೇ ಹಳದಿಯಾಗಿ ಉದುರುತ್ತಿತ್ತು. ಬಲೆ ಚಿಟ್ಟೆಯನ್ನು ತಡೆದ ಹಾಗೆಯೇ ಜೇನ್ನೊಣವನ್ನೂ ತಡೆದಿತ್ತು. ಅಲಸಂಡೆಗೆ ಅದರಿಂದ ತೊಂದರೆ ಇಲ್ಲ, ಅದರ ಹೂ ತನ್ನ ಸಂಸಾರ ತಾನೇ ನೋಡಿಕೊಳ್ಳುತ್ತದೆ. ಸೌತೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ನಡುವೆ ಓಡಾಡಿ ಸಂಬಂಧ ಕೂಡಿಸಲು ದಲ್ಲಾಳಿ ಬೇಕು. ಆ ದಲ್ಲಾಳಿಯೇ ಬಲೆಯ ಹೊರಗೆ ಗುಂಯ್‌ಗುಡುತ್ತಿದ್ದ.

ಕೆಲಸ ಅಕ್ಕನ ಗಂಡನ ತಲೆಗೆ ಬಂತು. ದಿನಾ ಬೆಳಿಗ್ಗೆ ಹೂ ಅರಳುವ ಹೊತ್ತಿಗೆ ಒಳಗೆ ಹೋಗುವುದು, ಒಂದು ಗಂಡು ಹೂ ಕೊಯ್ದು ಹೆಣ್ಣು ಹೂವಿಗೆ ಮುಟ್ಟಿಸುವುದು. ನಾನೂ ಭಾವಮೈದನೂ ಹೋದಾಗ ಬಹಳ ಗಂಭೀರವಾಗಿ ಅದನ್ನೇ ಮಾಡುತ್ತಿದ್ದರು.

ಭಾವಮೈದ ಸುಮ್ಮನಿರುವವನಲ್ಲ. "ಜಾತ್ಕ ಕಂಡ್ರ್ಯಾ?" ಎಂದು ಕೇಳಿದ.

"ಜಾತ್ಕ ಕಾಂಬುಕ್ ಪುರ್ಸೊತ್ತಿಲ್ಲ ಮಾರಾಯಾ. ಮಧ್ಯಾಹ್ನ ಆರೆ ಹೆಣ್ಣ್ ಬಾಡ್ತ್" ಎಂದರು ಅವರು ತಲೆ ಎತ್ತದೆ.

ಅಕ್ಕ ಚಾ ಹಿಡಿದುಕೊಂಡು ಬಂದರು. ಬಲೆಯ ಹೊರಗಿನಿಂದ ಗಂಡನ ಕೈಯನ್ನೇ ನೋಡಿ ನಮಗೆ ಹೇಳಿದರು: "ಕಾಣಿ, ಒಂದೇ ಗಂಡಿಗೆ ನಾಕ್ ಹೆಣ್ಣ್ ಕೊಟ್ಟಾಯ್ತ್. ನಮ್ ಮಗ್ಳಿಗ್ ಗಂಡ್ ಹುಡ್ಕುಕ್ ಇವ್ರನ್ನ್ ಕಳ್ಸದೇ ಇದ್ದದ್ದ್ ಎಷ್ಟ್ ಒಳ್ಳೆದಾಯ್ತ್!"

ಬಯಕೆ ಊಟ

ಬಯಕೆಯ ದಿನಕ್ಕೆ ನನಗೂ ಭಾವಮೈದನಿಗೂ ಹೇಳಿಕೆ ಬಂದಿತ್ತು. ಬೇಗನೆ ಹೋದೆವು. ಅಕ್ಕ ನಮ್ಮನ್ನು ನೇರ ಅಡುಗೆಮನೆಗೆ ಕರೆದು ಬುಟ್ಟಿ ತೋರಿಸಿದರು. ಅಲಸಂಡೆ ಎಂದರೆ ಅಲಸಂಡೆ! ಕೈಯುದ್ದದ, ಎಳೆಯ, ನುಣುಪಾದ ಅಲಸಂಡೆ. ಒಂದರಲ್ಲೂ ತೂತಿಲ್ಲ, ಕಲೆಯಿಲ್ಲ. ಅಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ಹೆಚ್ಚುತ್ತಿದ್ದರು. ಅವರ ಮುಖದಲ್ಲಿ ಇಷ್ಟು ತಿಂಗಳಲ್ಲಿ ಮೊದಲ ಸಲ ನೆಮ್ಮದಿ ಕಂಡಿತು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಬೈಂದೂರಿನಿಂದ ಬೀಗಿತಿ ಬಂದರು, ಜೊತೆಗೆ ನೆಂಟರು. ಮಗಳಿಗೆ ಹಸಿರು ಬಳೆ ತೊಡಿಸಿ, ತಲೆ ತುಂಬ ಮಲ್ಲಿಗೆ ಮುಡಿಸಿ, ನಡುವೆ ಕೂರಿಸಿ ಬಾಳೆ ಎಲೆ ಹಾಕಿದರು. ಬೀಗಿತಿ ಅವಳ ಪಕ್ಕದಲ್ಲೇ ಕೂತರು. ಕೋಸಂಬರಿ ಬಂತು, ಉಪ್ಪಿನಕಾಯಿ ಬಂತು, ಕಡುಬು ಬಂತು, ಹಾಲುಬಾಯಿ ಬಂತು. ಕೊನೆಗೆ ಅಕ್ಕ ತಾವೇ ಪಾತ್ರೆ ಹಿಡಿದುಕೊಂಡು ಬಂದು ಅಲಸಂಡೆ ಪಲ್ಯ ಬಡಿಸಿದರು. ಜಗಲಿಯಲ್ಲಿದ್ದವರೆಲ್ಲ ಬೀಗಿತಿಯ ಎಲೆಯತ್ತ ಕುತ್ತಿಗೆ ಚಾಚಿದರು. ಎಲ್ಲರಿಗೂ ಹಳೆಯ ಕತೆ ಗೊತ್ತು.

ಬೀಗಿತಿ ಕನ್ನಡಕ ಹಾಕಿಕೊಂಡರು. ಪಲ್ಯವನ್ನು ಬೆರಳಿನಿಂದ ಸರಿಸಿದರು. ಒಂದು ಹೋಳನ್ನು ಬಿಡಿಸಿ ನೋಡಿದರು, ಇನ್ನೊಂದನ್ನು ಬಿಡಿಸಿ ನೋಡಿದರು. ಸೊಸೆಯ ಎಲೆಯ ಪಲ್ಯವನ್ನೂ ನೋಡಿದರು.

"ಒಂದ್ ಹುಳುವೂ ಇಲ್ಲ," ಎಂದರು.

"ಇಲ್ಲ," ಎಂದರು ಅಕ್ಕ. ಆ ಒಂದು ಶಬ್ದ ಹೇಳಲು ಅವರು ಎಷ್ಟು ಕಾದಿದ್ದರೋ. "ಒಂದೇ ಒಂದೂ ಇಲ್ಲ."

ಬೀಗಿತಿ ಸೊಸೆಯ ಕೈ ಹಿಡಿದುಕೊಂಡರು. "ತಿನ್ಬ್ಯಾಡ ಮಗಾ. ಬಿಡ್."

ಎಲ್ಲರೂ ತಬ್ಬಿಬ್ಬು.

"ಹುಳುವೇ ಮುಟ್ಟದ್ ತರ್ಕಾರಿ ಬಸ್ರಿ ಹೆಣ್ಣ್ ತಿಂಬುದಾ?" ಎಂದು ಬೀಗಿತಿ ಅಕ್ಕನನ್ನು ಕೇಳಿದರು. "ಎಷ್ಟ್ ಮದ್ದ್ ಹೊಡ್ದಿರಿ? ಸತ್ಯ ಹೇಳಿ. ಹೋದ್ಸಲ ಹುಳು ಇದ್ದಿತ್ತ್, ನಾನ್ ಎರಡ್ ಸಲ ಹಾಕ್ಸ್ಕಂಡ್ ಉಂಡಿದೆ. ಹುಳು ತಿಂದದ್ದಾರೆ ಮನ್ಷರಿಗೂ ಅಡ್ಡಿಲ್ಲ."

ಅಕ್ಕ ಸೌಟು ಕೆಳಗಿಟ್ಟರು. ಬಲೆ ಹಾಕಿದ್ದು, ಮದ್ದು ಮುಟ್ಟಲೇ ಇಲ್ಲ ಎಂದು ಅವರು ಹೇಳಿದರು. ಗಂಡನೂ ಹೇಳಿದರು. ನಾನು ಎದ್ದು ನಿಂತು, ಬಲೆ ಕಟ್ಟಿದವ ನಾನೇ, ಒಂದು ತೊಟ್ಟು ಮದ್ದು ಬಿದ್ದಿಲ್ಲ ಎಂದೆ.

"ನೀವ್ ಬಲೆ ಕಟ್ಟುವವ್ರ್. ನಿಮ್ ಬಲೆ ಹಾಳ್ ಅಂತ ನೀವ್ ಹೇಳ್ತ್ರಾ?" ಎಂದರು ಬೀಗಿತಿ. "ಬಲೆಯೊಳ್ಗ್ ಒಂದಾರೂ ಜೀವ ಇರ್ಕಲ್ದಾ? ಒಂದೇ ಒಂದ್ ಹುಳು ತೋರ್ಸಿ, ನಾನೇ ಇವ್ಳಿಗ್ ಉಣ್ಸ್ತೆ."

ಅಕ್ಕ ನನ್ನತ್ತ ನೋಡಿದರು. ಆ ನೋಟ ಈಗಲೂ ನನಗೆ ನೆನಪಿದೆ. ಮಗಳು ಆಸೆಪಟ್ಟ ಪಲ್ಯ ಎಲೆಯ ಮೇಲೆ ಆರುತ್ತಿತ್ತು.

ನಾನು, ಭಾವಮೈದ, ಅಕ್ಕನ ಗಂಡ, ಮೂವರೂ ತೋಟಕ್ಕೆ ಓಡಿದೆವು. ಇಸ್ತ್ರಿ ಮಾಡಿದ ಬಿಳಿ ಪಂಚೆ ಎತ್ತಿ ಕಟ್ಟಿ, ಬಲೆಯೊಳಗೆ ಮಂಡಿ ಊರಿ, ಎಲೆ ಎತ್ತಿ, ಹೂ ಬಿಡಿಸಿ ಹುಡುಕಿದೆವು. ಒಂದು ಹುಳವಾದರೂ ಇರಬೇಡವೇ? ಇಲ್ಲ! ನನ್ನ ಜೀವಮಾನದಲ್ಲಿ ನಾನು ಅಷ್ಟು ಒಳ್ಳೆಯ ಬಲೆ ಕಟ್ಟಿದ್ದಿಲ್ಲ, ಕಟ್ಟಿದ್ದಕ್ಕೆ ಅಷ್ಟು ಬೇಸರವೂ ಪಟ್ಟಿದ್ದಿಲ್ಲ.

ಅಕ್ಕನ ಗಂಡ ಬೆವರು ಒರೆಸಿಕೊಂಡು, "ನಿಮ್ಮತ್ರ ಆ ಬಂಗಡಿ ಬಲೆ ಈಗ್ಳೂ ಇತ್ತಾ?" ಎಂದು ನನ್ನನ್ನು ಕೇಳಿದರು.

ಭಾವಮೈದ ಮಾತ್ರ ಅಷ್ಟರಲ್ಲಿ ಬೇಲಿಯ ಹತ್ತಿರ ಹೋಗಿದ್ದ. ಪಿಸುಮಾತಿನಲ್ಲಿ ಕೇಳುತ್ತಿದ್ದ: "ಅಜ್ಜೀ, ಒಂದ್ ಹುಳು ಇತ್ತಾ? ಕಡ ಕೊಡ್ತ್ರಾ?"

ಹಾಲಿಗೆ ಹೆಪ್ಪು ಕೇಳಿದವರಿಗೆ ಹೇಳುವಷ್ಟೇ ಸಹಜವಾಗಿ ಅಜ್ಜಿ ಉತ್ತರ ಕೊಟ್ಟರು: "ಹುಳುವಾ? ಬೇಕಾದಷ್ಟಿತ್ತ್. ಸಣ್ಣದ್ ಸಾಕಾ, ದೊಡ್ಡದೇ ಆಯ್ಕಾ?"

ಒಳ್ಳೆಯ ದಷ್ಟಪುಷ್ಟ ಹುಳವೊಂದನ್ನು ಅಲಸಂಡೆ ಕಾಯಿಯ ಸಮೇತ ಕೊಯ್ದು ಕೊಟ್ಟರು. ಭಾವಮೈದ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ತಂದು, ನಮ್ಮ ಗಿಡದ ಒಂದು ಎಲೆಯ ಮೇಲೆ ಇಟ್ಟು, ಊರಿಗೆಲ್ಲ ಕೇಳುವ ಹಾಗೆ ಕೂಗಿದ: "ಸಿಕ್ತ್! ಹುಳು ಸಿಕ್ತ್!"

ಇಡೀ ಬಯಕೆ ಮನೆ ತೋಟಕ್ಕೆ ಬಂತು. ಮುಂದೆ ಬೀಗಿತಿ, ಹಿಂದೆ ಅಕ್ಕ, ಅವರ ಹಿಂದೆ ರೇಷ್ಮೆ ಸೀರೆಯ ಸಾಲು. ಬೀಗಿತಿ ಕನ್ನಡಕ ಸರಿಮಾಡಿಕೊಂಡು ಎಲೆಯ ಮೇಲೆ ಬಗ್ಗಿದರು. ಹುಳ ನಿಧಾನವಾಗಿ ತಲೆ ಎತ್ತಿತು. ಬೀಗಿತಿಯ ಮುಖ ಅರಳಿತು. "ಹಾಂ, ಜೀವ ಇತ್ತ್ ಕಾಣಿ" ಎಂದರು.

"ಹ್ವಾಯ್!" ಎಂದು ಹಿಂದಿನಿಂದ ದನಿ ಬಂತು. ಕಡ ಕೊಟ್ಟ ಹುಳಕ್ಕೆ ಇವರೇನು ಮಾಡುತ್ತಾರೆಂದು ನೋಡಲು ಅಜ್ಜಿ ಬೇಲಿ ದಾಟಿ ಬಂದಿದ್ದರು. "ಆ ಹುಳು ನಂದ್!"

ಭಾವಮೈದ ಆಕಾಶ ನೋಡಿದ. ಅಕ್ಕನ ಗಂಡ ಎಲೆಯೊಂದನ್ನು ತಿರುಗಿಸಿ ಪರೀಕ್ಷೆ ಮಾಡತೊಡಗಿದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮುಗಿಯಿತು, ಇನ್ನು ಅಲಸಂಡೆಯ ಎರಡನೆಯ ಕತೆ ಶುರುವಾಗುತ್ತದೆ ಎಂದು ನನಗನ್ನಿಸಿತು.

"ನಿಮ್ದಾ?" ಎಂದರು ಬೀಗಿತಿ.

"ಮತ್ತೆ? ಇವ್ರ್ ಬಲೆಯೊಳ್ಗ್ ಹುಳು ಎಲ್ಲಿತ್ತ್? ಇಲ್ದೇ ಇದ್ದದ್ದಕ್ಕೇ ನನ್ನತ್ರ ಬೇಡುಕ್ ಬಂದದ್ದ್." ಅಜ್ಜಿಗೆ ವಿಷಯ ಏನೆಂದು ಯಾರೋ ಹೇಳಿದರು. ಅವರು ಸೊಂಟಕ್ಕೆ ಕೈ ಇಟ್ಟರು. "ಮದ್ದಾ? ನಡುಗ್ ಒಂದ್ ಬೇಲಿ ಅಷ್ಟೇ ಇಪ್ಪುದ್. ಇಲ್ಲ್ ಮದ್ದ್ ಹೊಡ್ದಿರೆ ಗಾಳಿಗ್ ನಮ್ಮನಿಗೂ ಬಂದ್ ನನ್ ಹುಳು ಎಲ್ಲ ಸಾಯ್ತಿದ್ದೊ. ಕಾಣಿ ಅದನ್ನ, ಹ್ಯಾಂಗ್ ಗುಂಡ್ಗುಂಡ್ಗೆ ಸಾಕಿದೆ!"

ಬೀಗಿತಿ ಹುಳವನ್ನು ಇನ್ನೊಮ್ಮೆ ನೋಡಿದರು. ಅದರ ಆರೋಗ್ಯದ ಬಗ್ಗೆ ಯಾರೂ ತಕರಾರು ಮಾಡುವ ಹಾಗಿರಲಿಲ್ಲ. ಮಂಡಿಗೆ ಮಣ್ಣು ಮೆತ್ತಿದ ನಮ್ಮ ಮೂವರ ಪಂಚೆಗಳನ್ನು ನೋಡಿದರು. ಆಮೇಲೆ ನಗಲು ಶುರುಮಾಡಿದರು ನೋಡಿ, ಬಲೆಯ ಬಿದಿರು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಮುಗಿಸಿ ಅಕ್ಕನ ಮುಖದ ಮೇಲಿನ ಸೆರಗನ್ನು ತಾವೇ ಸರಿಸಿದರು. "ಬನಿ, ಉಂಬ. ನಂಗೂ ಆ ಪಲ್ಯವೇ ಹಾಕಿ" ಎಂದರು.

ಜಗಲಿಗೆ ಬಂದು ನೋಡಿದರೆ ಬಸುರಿ ಹುಡುಗಿ ಯಾರಿಗೂ ಕಾಯದೆ ತನ್ನ ಎಲೆಯ ಪಲ್ಯ ಮುಗಿಸಿ, ಅತ್ತೆಯ ಎಲೆಯ ಪಲ್ಯಕ್ಕೆ ಕೈ ಹಾಕಿದ್ದಳು. ಅಕ್ಕ ಸೌಟು ಹಿಡಿದುಕೊಂಡು ನಗುತ್ತ ಅಳುತ್ತ ಎಲ್ಲರಿಗೂ ಬಡಿಸಿದರು. ಪಲ್ಯದ ಪಾತ್ರೆಯ ತಳ ಕಂಡಿತು. ಅಜ್ಜಿಗೂ ಒಂದು ಎಲೆ ಹಾಕಿದರು.

ಹೊರಡುವಾಗ ಬೀಗಿತಿ ನನ್ನನ್ನು ಅಂಗಳದ ಬದಿಗೆ ಕರೆದರು. ಆಚೀಚೆ ನೋಡಿ, ದನಿ ತಗ್ಗಿಸಿ ಹೇಳಿದರು: "ಹ್ವಾಯ್, ಬೈಂದೂರಿಗ್ ಬಂದ್ ನಮ್ಮನಿ ಹಿತ್ಲಿಗೂ ಇಂಥದ್ದೇ ಒಂದ್ ಬಲೆ ಕಟ್ಟಿ ಕೊಡಿ. ಆರೆ ಒಂದ್ ಮೂಲಿಯಂಗೆ ಸಣ್ ತೂತ್ ಬಿಡಿ. ಸೊಸಿ ಮಗು ಎತ್ಕಂಡ್ ಬಂದ್ಮೇಲೆ ಕಾಂಬುಕ್ ಇವ್ರೆಲ್ಲ ನಮ್ಮನಿಗ್ ಬತ್ರ್. ಕೇಂಡ್ರೆ ತೋರ್ಸುಕ್ ಒಂದ್ ಹುಳು ಮನಿಯೊಳ್ಗೇ ಇರ್ಕ್."